ನಂಬರಿಲ್ಲದ ಗಂಡು

ನಾಲ್ಕೇ ನಾಲ್ಕು ಸ್ಕ್ರೂ. ಮುಂದಿನ ನಂಬರ್ ಪ್ಲೇಟಿಗೆ ಎರಡು, ಹಿಂದಿನದಕ್ಕೆ ಎರಡು. ಅಷ್ಟನ್ನು ಯಾವನೋ ಪುಣ್ಯಾತ್ಮ ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ, ಬೆಳಿಗ್ಗೆ ಒಂಬತ್ತು ಗಂಟೆಗೆ, ಜನ ಓಡಾಡುತ್ತಿರುವಾಗಲೇ ಬಿಚ್ಚಿಕೊಂಡು ಹೋಗಿದ್ದ. ಅರಕೆರೆಯ ರವೀಂದ್ರ ಬಾಳೆಹಣ್ಣು, ಜಿಲೇಬಿ, ವೀಳ್ಯದೆಲೆ ಹಿಡಿದುಕೊಂಡು ಅಂಗಡಿಯಿಂದ ಈಚೆ ಬಂದರೆ, ಅವನ ಸ್ಕೂಟರು ಹಲ್ಲುಸೆಟ್ಟು ತೆಗೆದಿಟ್ಟ ಮುದುಕನ ಹಾಗೆ ಬೋಡಾಗಿ ನಿಂತಿತ್ತು.

"ಗಾಡಿ ನೋಡ್ಕೋ ಅಂದಿದ್ನಲ್ಲ ನಂಜಪ್ಪಣ್ಣ!" ಎಂದು ಕಿರುಚಿದ.

ಪಕ್ಕದ ಮನೆಯ ನಂಜಪ್ಪ ಕರೆಯದೇ ಹಿಂದಿನ ಸೀಟು ಹತ್ತಿ ಬಂದಿದ್ದ. ಈಗ ಬಜ್ಜಿ ಅಂಗಡಿಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದ. "ನೋಡ್ಕಂಡೇ ಇದ್ದೆ ಕಣ್ಲಾ. ಗಾಡಿ ಇಲ್ಲೇ ಐತಲ್ಲ! ನಂಬ್ರು ನೋಡ್ಕೋ ಅಂತ ಏನಾರ ಯೋಳಿದ್ಯಾ?"

ಬೇರೆ ದಿನವಾಗಿದ್ದರೆ ರವೀಂದ್ರ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ನಮ್ಮ ಕಡೆ ಮನೆ ನೋಡುವುದೆಂದರೆ ಸುಮ್ಮನೆ ಅಲ್ಲ, ಹುಲ್ಲಿನ ಮೆದೆಗೆ ಕೈ ತೂರಿಸಿ ಒಳಗೂ ಹುಲ್ಲೇ ಇದೆಯಾ ಎಂದು ನೋಡುತ್ತಾರೆ. ಅವರದೂ ತಪ್ಪಲ್ಲ. ಅವತ್ತೊಂದು ದಿನದ ಮಟ್ಟಿಗೆ ಎತ್ತು, ಟ್ರಾಕ್ಟರು, ಟಿವಿ ಎಲ್ಲ ಎರವಲು ತಂದು ಇಡುವ ಭೂಪರು ಊರಿಗೆ ನಾಲ್ಕು ಜನ ಇದ್ದಾರೆ. ಹೋದ ವರ್ಷ ಕೆ.ಆರ್. ಪೇಟೆ ಕಡೆ ಒಬ್ಬ ಹೀಗೆ ತಂದು ಕಟ್ಟಿದ್ದ ಜೋಡೆತ್ತು, ಬೀಗರು ಊಟಕ್ಕೆ ಕೂತ ಹೊತ್ತಿಗೆ ಹಗ್ಗ ಕಿತ್ತುಕೊಂಡು ಸೀದಾ ತಮ್ಮ ಮನೆಗೆ ನಡೆದುಬಿಟ್ಟವು!

ರವೀಂದ್ರನ ಸ್ಕೂಟರು ಸ್ವಂತದ್ದು. ಗಂಡಿಗೆ ಗಾಡಿಯಿಲ್ಲ ಎಂದು ಒಂಬತ್ತನೇ ಸಂಬಂಧವೂ ಮುರಿದ ಮೇಲೆ, ಒಂದು ಜೊತೆ ಹೋರಿ ಮಾರಿ ಕೊಂಡದ್ದು. ಈಗ ನಂಬರಿಲ್ಲದೆ ಅದು ಪಕ್ಕಾ ಎರವಲು ಗಾಡಿಯ ಹಾಗೆ ಕಾಣುತ್ತಿತ್ತು. ಅವನಿಗೆ ಮೂವತ್ನಾಲ್ಕು ವರ್ಷ. ಹೆಣ್ಣು ನಾಗಮಂಗಲದ ಕಡೆಯ ಪ್ರಮೀಳಾ. ಹೋದ ವಾರ ನೋಡಲು ಹೋದಾಗ ಕಾಫಿ ಕೊಡುತ್ತ "ಸಕ್ರೆ ಸಾಕಾ?" ಎಂದು ಕೇಳಿದ್ದಳು. ಆ ಎರಡು ಮಾತು ಏಳು ದಿನದಿಂದ ಅವನ ಎದೆಯೊಳಗೆ ಪಂಪ್‌ಸೆಟ್ಟಿನ ಹಾಗೆ ಓಡುತ್ತಿದ್ದವು.

"ಮೊದ್ಲು ಪೊಲೀಸ್ ಕಂಪ್ಲೇಂಟು. ನಿನ್ ನಂಬ್ರು ಹಾಕ್ಕಂಡು ಯಾವನಾರ ಬ್ಯಾಂಕ್ ದೋಚುದ್ರೆ ಜೈಲಿಗೋಗೋನು ನೀನು ಕಣ್ಲಾ!" ಎಂದು ನಂಜಪ್ಪ ಮನೆ ಸೇರುವ ಮುಂಚೆಯೇ ಅವನನ್ನು ಅರಕೆರೆಯ ಠಾಣೆಗೆ ನುಗ್ಗಿಸಿದ.

ಹೆಡ್ ಕಾನ್ಸ್‌ಟೇಬಲ್ಲು ಪೆನ್ನಿನಲ್ಲಿ ಕಿವಿ ಕೆರೆದುಕೊಂಡ. "ಏನ್ ಕಳ್ವಾಗಿರೋದು?"

"ನಂಬರ್ ಪ್ಲೇಟು ಸಾ."

"ಗಾಡಿ?"

"ಗಾಡಿ ಐತೆ ಸಾ."

"ಗಾಡಿ ಬುಟ್ಟು ಪ್ಲೇಟ್ ಕದಿಯೋ ಕಳ್ಳನ್ನ ನನ್ ಸರ್ವೀಸ್ನಲ್ಲೇ ನೋಡ್ಲಿಲ್ಲ. ಸರಿ, ಈ ಗಾಡಿ ನಿಂದೇ ಅನ್ನಾಕೆ ಏನ್ ಗುರ್ತು?"

"ನಂಬ್ರು ಸಾ!"

"ಎಲ್ಲಿ, ತೋರ್ಸು."

ಗಾಡಿಯ ಆರ್‌ಸಿ ಬುಕ್ಕು ಮನೆಯಲ್ಲಿದೆ ಎಂದು ರವೀಂದ್ರ ಗೋಗರೆದ ಮೇಲೆ ಕಾನ್ಸ್‌ಟೇಬಲ್ಲು 4163 ಎಂದು ಬರೆದುಕೊಂಡು, ಸಂಜೆಯೊಳಗೆ ಬುಕ್ಕು ತೋರಿಸು ಎಂದು ಅಟ್ಟಿದ.

ಮನೆಗೆ ಬಂದರೆ ತಾಯಿ ಚಿಕ್ಕಬೋರಮ್ಮ ಎದೆ ಬಡಿದುಕೊಂಡಳು. ಎದುರುಮನೆ ದ್ಯಾವಮ್ಮ ಮಾತ್ರ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಅದ್ಕ್ಯಾಕಂಗೆ ಬಡ್ಕತೀಯೆ? ಗಾಡಿಗೆ ಅರಿಶ್ನ ಕುಂಕ್ಮ ಇಕ್ಕಿ ಹಾರ ಹಾಕ್ಬುಡು. ಇನ್ನೂ ನಂಬ್ರು ಬಂದಿಲ್ಲ, ಒಸಾ ಗಾಡಿ ಅನ್ಕತಾರೆ."

ಭಲೇ ಉಪಾಯ! ಗಾಡಿಯ ಹೊಟ್ಟೆಯ ಮೇಲಿದ್ದ ನೆಗ್ಗಿಗೆ ಕುಂಕುಮ ಮೆತ್ತಿ, ಹ್ಯಾಂಡಲಿಗೆ ಚೆಂಡುಹೂವಿನ ಹಾರ ಇಳಿಬಿಟ್ಟರು. ಬೀಗರ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ದ್ಯಾವಮ್ಮನ ಮೇಕೆಯೇ ಆ ಹಾರವನ್ನು ಕೊನೆಯ ಹೂವಿನ ತನಕ ತಿಂದು ಮುಗಿಸಿತ್ತು.

ಬಸ್ಸಿನಿಂದ ಹೆಣ್ಣಿನ ಅಪ್ಪ, ನಾಲ್ಕು ಜನ ಹಿರಿಯರು ಇಳಿದರು. ಅವರ ಹಿಂದೆಯೇ ಧೂಳೆಬ್ಬಿಸಿಕೊಂಡು ಒಂದು ಸ್ಕೂಟರು ಬಂತು. ಅದರ ಮೇಲೆ ಗರಿಗರಿ ಪಂಚೆಯ, ಹುರಿಮೀಸೆಯ ಹೊನ್ನಪ್ಪ, ಪ್ರಮೀಳಾಳ ಸೋದರಮಾವ.

ರವೀಂದ್ರನ ಕಣ್ಣು ಮೀಸೆಯ ಮೇಲೆ ನಿಲ್ಲಲಿಲ್ಲ, ಪ್ಲೇಟಿನ ಮೇಲೆ ನಿಂತಿತು. 4163! ಪೇಂಟರು ಆ ನಾಲ್ಕನ್ನು ತಲೆಕೆಳಗಾದ ಕುರ್ಚಿಯ ಹಾಗೆ ಬರೆದಿದ್ದ. ಆ ಕುರ್ಚಿಯನ್ನು ಸಾವಿರ ಗಾಡಿಯಲ್ಲೂ ಗುರುತು ಹಿಡಿಯಬಹುದಿತ್ತು. ರಕ್ತ ನೆತ್ತಿಗೇರಿತು. ಅಂಗಿಯ ತೋಳು ಮಡಚಿಕೊಂಡು ಎರಡು ಹೆಜ್ಜೆ ಮುಂದಿಟ್ಟ.

ಹೆಣ್ಣಿನ ಅಪ್ಪ ಅಡ್ಡ ಬಂದು ನಕ್ಕ. "ಇವ್ನೇ ನಮ್ ಹೊನ್ನಪ್ಪ. ನಮ್ ಪ್ರಮೀಳನ್ನ ಎತ್ತಾಡ್ಸಿ ಬೆಳೆಸ್ದೋನು. ಇವ್ನು ಹೂಂ ಅಂದ್ರೆ ಲಗ್ನ, ಉಹೂಂ ಅಂದ್ರೆ ಇಲ್ಲ."

ಹೊಡೆಯಲು ಎತ್ತಿದ ಕೈಗಳೆರಡೂ ತಾವಾಗಿಯೇ ಕೂಡಿಕೊಂಡು ನಮಸ್ಕಾರವಾದವು.

ಹೊನ್ನಪ್ಪ ಹಟ್ಟಿ ನೋಡಿದ, ಮೆದೆ ತಿವಿದ, ಎಮ್ಮೆಯ ಹಲ್ಲನ್ನೂ ಎಣಿಸಿದ. ಕೊನೆಗೆ ಸ್ಕೂಟರಿನ ಮುಂದೆ ನಿಂತು ಹುಬ್ಬು ಏರಿಸಿದ. "ಏನಪ್ಪಾ, ಗಾಡಿಗೆ ನಂಬ್ರೇ ಇಲ್ಲ? ಯಾರ್ತಾವಾರ ಈಸ್ಕಂಡ್ ಬಂದಿದ್ದೀಯೋ?"

"ಒಸಾ ಗಾಡಿ... ಇನ್ನೂ ಬಂದಿಲ್ಲ."

"ಗಾಡಿಗೆ ನಂಬ್ರು, ಮನ್ಸನಿಗೆ ಮಾನ, ಎರಡೂ ಒಂದೇಯ. ನನ್ ಗಾಡಿ ನೋಡು, ಎಂಗೈತೆ!"

"ಭಾಳ ಚೆನ್ನಾಗೈತೆ ಮಾವ," ಎಂದ ರವೀಂದ್ರ, ಹಲ್ಲು ಕಚ್ಚಿ. "ನಾನೇ ಬರ್ಸ್ದಂಗೈತೆ."

ಅಷ್ಟರಲ್ಲಿ ನಂಜಪ್ಪನ ಕಣ್ಣಿಗೂ ಆ ಕುರ್ಚಿ ನಾಲ್ಕು ಬಿತ್ತು. "ಲೇ ರವೀಂದ್ರಾ, ಅದು ನಿನ್—" ಎನ್ನುವಷ್ಟರಲ್ಲಿ ರವೀಂದ್ರ ಅವನ ಬಾಯಿಗೆ ಒಂದು ಇಡೀ ಜಿಲೇಬಿ ತುರುಕಿದ. ನಂಜಪ್ಪ ಜಿಲೇಬಿ ಜಗಿಯುತ್ತಲೇ ಬೀದಿಗೆ ಇಳಿದು ಹೋದದ್ದನ್ನು ಯಾರೂ ನೋಡಲಿಲ್ಲ.

ಊಟ ಜೋರಾಯಿತು. ಹೊನ್ನಪ್ಪ ಎರಡನೇ ಸಲ ಪಾಯಸ ಹಾಕಿಸಿಕೊಂಡು, ಮೀಸೆ ಒರೆಸಿ, ಎಲ್ಲರೂ ಕಾಯುತ್ತಿದ್ದ ಮಾತು ಆಡಿದ. "ಹೂಂ! ತಾಂಬೂಲ ತನ್ನಿ."

ರವೀಂದ್ರನಿಗೆ ಮೈಯೆಲ್ಲ ಗಾಳಿ ತುಂಬಿದಂತಾಯಿತು. ಹೋದರೆ ಹೋಗಲಿ ಪ್ಲೇಟು! ಎರಡು ತಗಡು ಕೊಟ್ಟು ಹೆಂಡತಿ ತಂದವರು ಯಾರಿದ್ದಾರೆ? ಚಿಕ್ಕಬೋರಮ್ಮ ತಟ್ಟೆ ಹಿಡಿದು ಬಂದಳು. ಬಾಗಿಲಲ್ಲಿ ಬೂಟಿನ ಸದ್ದಾಯಿತು. ಹೆಡ್ ಕಾನ್ಸ್‌ಟೇಬಲ್ಲು! ಪಕ್ಕದಲ್ಲಿ, ಹುಲಿ ಹಿಡಿದವನ ಹಾಗೆ ಎದೆಯುಬ್ಬಿಸಿಕೊಂಡ ನಂಜಪ್ಪ.

"ಈ 4163 ಗಾಡಿ ಯಾರ್ದು?"

ಹೊನ್ನಪ್ಪನ ಕೈಯಲ್ಲಿದ್ದ ಎಲೆ ಅಡಿಕೆ ಕೆಳಗೆ ಬಿತ್ತು. "ನಂ...ನಂದು."

ಕಾನ್ಸ್‌ಟೇಬಲ್ಲು ರವೀಂದ್ರನ ಕಡೆ ತಿರುಗಿದ. "ಏನಯ್ಯಾ, ಬೆಳಿಗ್ಗೆ ನೀನು ಕಳ್ವಾಯ್ತು ಅಂತ ಬರ್ಸಿದ್ದು ಇದೇ ನಂಬ್ರು ತಾನೆ?"

ಎಲ್ಲರ ಕಣ್ಣೂ ರವೀಂದ್ರನ ಮೇಲೆ. ಅವನು ತಾಂಬೂಲದ ತಟ್ಟೆ ನೋಡಿದ. ಸಕ್ಕರೆ ಸಾಕಾ ಎಂದ ದನಿ ಕಿವಿಯಲ್ಲಿ ಕೇಳಿಸಿತು.

"ಅಲ್ಲ ಸಾ! ಅದು ಮಾವನೋರ ನಂಬ್ರು. ನಾನು ಗಾಬ್ರೀಲಿ ತಪ್ಪು ಬರ್ಸ್ಬುಟ್ಟೆ."

"ಅಂಗಾರೆ ನಿಂದ್ಯಾವ್ದು?"

"ಅದು... ಮರ್ತೋಗೈತೆ ಸಾ."

"ಬುಕ್ ತಗಂಬಾ."

ಟ್ರಂಕಿನಲ್ಲಿದ್ದ ಬುಕ್ಕಿನಲ್ಲಿ 4163 ಎಂದು ಮಸಿಯಲ್ಲಿ ದಪ್ಪಗೆ ಬರೆದಿತ್ತು. ತರಲು ಹೊರಟ ತಾಯಿಯ ಸೆರಗನ್ನು ರವೀಂದ್ರ ಹಿಡಿದೆಳೆದ. "ಬುಕ್ಕಿಲ್ಲ ಸಾ!"

"ಬೆಳಿಗ್ಗೆ ಮನೇಲೈತೆ ಅಂದೆ?"

"ಸುಳ್ಳೇಳ್ದೆ ಸಾ!"

ಕಾನ್ಸ್‌ಟೇಬಲ್ಲು ಟೋಪಿ ಸರಿಮಾಡಿಕೊಂಡ. "ನಂಬ್ರಿಲ್ಲ, ಬುಕ್ಕಿಲ್ಲ, ಮರ್ಯಾದಸ್ಥರ ನಂಬ್ರು ಬರ್ಸಿ ಸುಳ್ಳು ಕಂಪ್ಲೇಂಟ್ ಬೇರೆ. ಕದ್ದ ಗಾಡಿ ಅಲ್ವೇನೋ ಇದು? ನಡಿ ಠಾಣೆಗೆ!"

ಹೊನ್ನಪ್ಪನಿಗೆ ಹೋದ ಜೀವ ಬಂತು. ಬಂದ ಜೀವಕ್ಕೆ ಸಿಟ್ಟೂ ಬಂತು. "ಸಿವಸಿವಾ! ಕಳ್ಳನ ಮನೇಲಿ ಉಂಡ್ಬುಟ್ನಲ್ಲಪ್ಪಾ! ಇಂಥೋನ್ಗೆ ನಮ್ಮೆಣ್ಣಾ? ಏಳ್ರೋ ಎಲ್ಲಾ!" ತಾಂಬೂಲದ ತಟ್ಟೆಯನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿ, ಕಾನ್ಸ್‌ಟೇಬಲ್ಲಿಗೆ ಕೈಮುಗಿದ. "ಈ ಬಿಸ್ಲಲ್ಲಿ ನಡ್ಕಂಡ್ ಯಾಕೋಯ್ತೀರಿ ಸಾ? ನನ್ ಗಾಡಿ ಐತೆ, ನಾನೇ ಬುಡ್ತೀನಿ."

ಮುಂದೆ ಹೊನ್ನಪ್ಪ, ಹಿಂದೆ ಕಾನ್ಸ್‌ಟೇಬಲ್ಲು, ನಡುವೆ ಉಪ್ಪಿನಕಾಯಿಯ ನಿಂಬೆಹೋಳಿನ ಹಾಗೆ ರವೀಂದ್ರ. ಸ್ಕೂಟರು ಬಸ್‌ಸ್ಟ್ಯಾಂಡು ದಾಟುವಾಗ ಟೀ ಅಂಗಡಿಯ ಮುಂದೆ ಕೂತಿದ್ದವರು ಕುರ್ಚಿ ನಾಲ್ಕನ್ನು ನೋಡಿ ಎದ್ದು ನಿಂತು ಕೇಕೆ ಹಾಕಿದರು.

"ಲೋ, ನಮ್ ರವೀಂದ್ರನ ಗಾಡಿ ಕಣ್ರಲಾ! ಸಂಬಂಧ ಕುದುರ್ತು ಅಂತ ಕಾಣ್ತದೆ, ಬೀಗ್ರ ಕೈಗೇ ಗಾಡಿ ಕೊಟ್ಟು ಮೆರವಣಿಗೆ ಒಂಟವ್ನೆ!"