ಎರ್ರೆಪ್ಪ ನೆಟ್ಟ ಶಿಲುಬೆ

ಎರ್ರೆಪ್ಪ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಕಾನಹೊಸಹಳ್ಳಿ ಹತ್ತಿರದ ಆ ಊರಿನಲ್ಲಿ ಏಸುವನ್ನು ನಂಬಿದ್ದು ಅವನ ಮನೆಯೊಂದೇ. ಶ್ರಾವಣ ಕಳೆದರೂ ಹನಿ ಬಿದ್ದಿಲ್ಲವೆಂದು ಹೋಟೆಲಿನಲ್ಲಿ ಎಲ್ಲರೂ ಗೊಣಗುತ್ತಿದ್ದರು. ಇವನು ಎದೆ ಉಬ್ಬಿಸಿದ.

"ಮಳಿ, ಗಾಳಿ, ಬಿಸ್ಲು, ಎಲ್ಲಾ ನಮ್ ಕರ್ತನ ಕೈಯಾಗೈತಿ. ಅಂವ ಕೊಡೋದನ್ನ ಯಾರೂ ತಡ್ಯಾಕಾಗಂಗಿಲ್ಲ."

ಊರ ಹಿರಿಯ ಓಬಳೇಶಪ್ಪ ಬೀಡಿ ಆರಿಸಿದ. "ನಿಮ್ಮವ್ವ ತಡದಾಳಲ್ಲೋ! ತೊನ್ನು ಇದ್ದಾಕೀನ ಸುಡಲಾರ್ದ ಮಣ್ಣಾಗ ಇಟ್ಟೀಯಲ್ಲ, ಮಳಿ ಹೆಂಗ ಬಂದೀತು?"

ತೊನ್ನಿನವರನ್ನು ಹೂತರೆ ಮಳೆ ನಿಲ್ಲುತ್ತದೆ, ಹೊರತೆಗೆದು ಸುಟ್ಟರೆ ಬರುತ್ತದೆ ಎಂಬುದು ಊರವರ ನಂಬಿಕೆ. ಮರುದಿನ ಬೆಳಿಗ್ಗೆ ಎರ್ರೆಪ್ಪನ ಅವ್ವ ಕರಿಯಕ್ಕನ ಕುಣಿ ಅಗೆಯುವುದೆಂದು ಅಲ್ಲೇ ತೀರ್ಮಾನವಾಯಿತು. ಎರ್ರೆಪ್ಪ ಕಾಲು ಹಿಡಿದ, ಯಾರೂ ಕೇಳಲಿಲ್ಲ. ಎಸ್.ಟಿ.ಡಿ. ಬೂತಿನಿಂದ ಕೂಡ್ಲಿಗಿಯ ಪಾಸ್ಟರಿಗೆ ಫೋನ್ ಮಾಡಿದ. "ಕರ್ತನನ್ನ ನಂಬಿ ಸುಮ್ನಿರು" ಎಂದರು ಅವರು.

ಎರ್ರೆಪ್ಪನಿಗೆ ನಂಬಿಕೆ ಇತ್ತು; ನಂಬಿ ಸುಮ್ಮನಿರುವ ಗುಂಡಿಗೆ ಇರಲಿಲ್ಲ. ಬೇವಿನ ಮರದ ಕೆಳಗೆ ಅಕ್ಕಪಕ್ಕ ಎರಡು ಕುಣಿಗಳಿದ್ದವು. ಒಂದು ಅವ್ವನದು, ಇನ್ನೊಂದು ಹೈವೇಯಲ್ಲಿ ಸತ್ತ ಹೆಸರಿಲ್ಲದ ಲಾರಿ ಕ್ಲೀನರನದು. ಆಡು ತುಳಿದು ಎರಡೂ ನೆಲಸಮವಾಗಿದ್ದವು. ಯಾವುದು ಯಾರದೆಂಬುದಕ್ಕೆ ಕಟ್ಟಿಗೆಯ ಶಿಲುಬೆಯೊಂದೇ ಗುರುತು. ಬೆಳಕು ಹರಿಯುವ ಮೊದಲೇ ಹೋಗಿ ಬಲಗಡೆಯಿದ್ದ ಶಿಲುಬೆಯನ್ನು ಕಿತ್ತು ಎಡಗಡೆ ನೆಟ್ಟ. "ತಪ್ಪಾತಪ್ಪ, ಕ್ಲೀನರಣ್ಣ. ನಿನಗ ಅಳೋರು ಯಾರೂ ಇಲ್ಲ" ಎಂದು ಕೈಮುಗಿದ.

ಹತ್ತು ಗಂಟೆಗೆ ಊರವರು ಶಿಲುಬೆ ನೋಡಿಕೊಂಡು ಎಡಗಡೆಯೇ ಅಗೆದರು. ಎರ್ರೆಪ್ಪ ಹತ್ತಿರಕ್ಕೂ ಹೋಗಲಿಲ್ಲ. ಅನುಮಾನ ಬರಬಾರದಲ್ಲ, ದೂರದಲ್ಲೇ ನಿಂತು "ಎವ್ವಾ, ನನ್ನವ್ವಾ!" ಎಂದು ಹತ್ತು ಮನೆಗೆ ಕೇಳುವಂತೆ ಗೋಳಾಡಿದ. ಹಳೆ ಟೈರು ಹಾಕಿ ಸುಟ್ಟರು.

ಮೂರು ಗಂಟೆಗೆ ಮಳೆ ಧೋ ಎಂದು ಹೊಡೆಯಿತು.

"ಯಾರು ತಡದಿದ್ರು, ಈಗ ಹೇಳಲೇ!" ಎಂದು ಓಬಳೇಶಪ್ಪ ನೆನೆಯುತ್ತ ಕುಣಿದ. ಎರ್ರೆಪ್ಪ ಒಳಗೊಳಗೇ ನಕ್ಕ. ಸುಟ್ಟದ್ದು ಕ್ಲೀನರನನ್ನು, ಮಳೆ ಕೊಟ್ಟದ್ದು ಕರ್ತನು! ಸ್ತೋತ್ರ ಹಾಡುತ್ತ ಮನೆಗೆ ಬಂದ.

ಹೆಂಡತಿ ಹಂಪಕ್ಕ ಸೋರುವಲ್ಲಿ ಪಾತ್ರೆ ಇಡುತ್ತಿದ್ದಳು. ಬಾಗಿಲು ಹಾಕಿ ಪಿಸುಗುಟ್ಟಿದಳು. "ನಿಮ್ಮ ಬಾಯಾಗ ಮಾತು ನಿಲ್ಲಂಗಿಲ್ಲಂತ ಹೇಳಿರ್ಲಿಲ್ಲ. ನಿನ್ನೆ ಸಂಜೀಕ ಆಡು ಹೊಡ್ಕೊಂಡು ಹೋದಾಗ ಎಡಗಡಿ ಇದ್ದ ಅವ್ವನ ಶಿಲುಬಿ ಕಿತ್ತು ಬಲಗಡಿ ಕ್ಲೀನರ್ ಮ್ಯಾಲ ನೆಟ್ಟು ಬಂದೀನಿ."

ಎರ್ರೆಪ್ಪ ಎಡಗೈ ನೋಡಿಕೊಂಡ, ಬಲಗೈ ನೋಡಿಕೊಂಡ, ಬಾಗಿಲಿಗೆ ಒರಗಿ ಕುಳಿತ. ಬೆಳಿಗ್ಗೆ ಊರಿಗೆಲ್ಲ ಕೇಳಿಸಿದ್ದ ಗಂಟಲಿನಿಂದ ಈಗ ದನಿಯೇ ಹೊರಡಲಿಲ್ಲ, ಕಣ್ಣೀರು ಮಾತ್ರ ಸುರಿಯಿತು.

ಹಂಪಕ್ಕ ಸೆರಗಿನಿಂದ ಅವನ ಮುಖ ಒರೆಸಿದಳು. "ಇನ್ನ್ಯಾಕ ಅಳತೀರಿ? ಅವ್ವ ತಣ್ಣಗ ಮಲಗ್ಯಾಳಂತ ಹೇಳಿದ್ನಲ್ಲ."