ಜೋಳದ ಬೀರು ಮತ್ತು ನಮ್ಮ ಅತ್ತೆ

ಸಂಸಾರದಲ್ಲಿ ಉಳಿತಾಯ ಮಾಡಲು ಹೊರಡುವವರು ಸಾಮಾನ್ಯವಾಗಿ ತಮ್ಮ ಖರ್ಚಿನಿಂದ ಶುರುಮಾಡುವುದಿಲ್ಲ. ಎದುರಿಗಿರುವವರ ಖರ್ಚೇ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ನಾನೂ ಹಾಗೆಯೇ. ಜೇವರ್ಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದ ನನಗೆ ಸೀರೆಯ ಖರ್ಚು ಎಂದೂ ಖರ್ಚಾಗಿ ಕಂಡಿರಲಿಲ್ಲ, ಅದು ಸರಕಾರಿ ನೌಕರಿಯ ಅವಶ್ಯಕತೆ. ಆದರೆ ನನ್ನ ಗಂಡ ಕುಡಿಯುವ ಬೀರು ಮಾತ್ರ ಅಪ್ಪಟ ದುಂದು ಎಂದು ಗೊತ್ತಾದ ದಿನವೇ ತೀರ್ಮಾನಿಸಿಬಿಟ್ಟೆ.

ಅವರ ಬೀರಿನ ವಿಷಯ ನನಗೆ ತಿಳಿದದ್ದು ಮದುವೆಯಾಗಿ ಮೂರನೆಯ ಬೇಸಿಗೆಯಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ. ರಸ್ತೆ ಕೆಲಸ ನೋಡಿಕೊಳ್ಳುವ ಇಲಾಖೆಯಲ್ಲಿ ಅವರು ಸೆಕ್ಷನ್ ಆಫೀಸರು. ದಿನವಿಡೀ ಡಾಂಬರಿನ ಉರಿಯಲ್ಲಿ ನಿಂತು ಬರುವ ಮನುಷ್ಯ. ಏಪ್ರಿಲ್ ಬಂತೆಂದರೆ ಪ್ರತಿ ಶನಿವಾರ ಮಧ್ಯಾಹ್ನ ‘ಆಫೀಸಿನ ಕೆಲಸ ಅದ’ ಎಂದು ಗುಲ್ಬರ್ಗದ ಬಸ್ಸು ಹತ್ತುವರು, ಸಂಜೆ ಬೆವರಿನಲ್ಲಿ ತೊಯ್ದು ಬರುವರು, ಬಂದವರೇ ತಂಬಿಗೆಗಟ್ಟಲೆ ನೀರು ಕುಡಿಯುವರು. ಒಂದು ಶನಿವಾರ ತಡೆಯಲಾರದೆ ಕೇಳಿದೆ.

“ಏನ್ ಆಫೀಸ್ ರೀ ಅದು, ಶನಿವಾರ ಮಧ್ಯಾಹ್ನನೇ ತೆರೀತದ?”

ನನ್ನ ಗಂಡ ಮಲ್ಲಿಕಾರ್ಜುನರಿಗೆ ಸುಳ್ಳು ಹೇಳಲು ಬರುತ್ತದೆ, ಆದರೆ ಎರಡನೆಯ ಸುಳ್ಳು ಬರುವುದಿಲ್ಲ. “ಬೀರು ಕುಡದು ಬರ್ತೇನಿ, ಶಾಂತಾ,” ಎಂದರು ಮೆಲ್ಲಗೆ. “ಒಂದೇ ಬಾಟ್ಲಿ. ಅಲ್ಲಿ ಫ್ರಿಜ್ ಅದ. ತಣ್ಣಗ ಇರ್ತದ.”

ನನಗೆ ಸಿಟ್ಟು ಬರಬೇಕಿತ್ತು. ಆಳಂದದ ಶರಣರ ಮನೆತನದಲ್ಲಿ ಬೆಳೆದವಳು ನಾನು, ನಮ್ಮ ಮನೆಯಲ್ಲಿ ಶುಂಠಿಯ ಕಷಾಯ ಕುಡಿದವರೂ ಬಾಯಿ ತೊಳೆದುಕೊಂಡು ಹೊರಗೆ ಬರುತ್ತಿದ್ದರು. ಆದರೆ ಆ ಕ್ಷಣ ನನ್ನನ್ನು ಕಾಡಿದ್ದು ಬೇರೆಯೇ ಮಾತು. ಒಂದು ಬಾಟಲಿ ತಣ್ಣಗಿನದನ್ನು ಕುಡಿಯಲು ಒಂದು ತಾಸಿಗೂ ಹೆಚ್ಚು ಕಾದ ಬಸ್ಸಿನಲ್ಲಿ ಕುಳಿತು ಭೀಮಾ ಹೊಳೆ ದಾಟಿ ಹೋಗುವುದು, ಮತ್ತೆ ಅದೇ ಬಸ್ಸಿನಲ್ಲಿ ಬೇಯುತ್ತ ಬರುವುದು! ಕುಡಿದ ತಂಪೆಲ್ಲ ಊರು ಮುಟ್ಟುವ ಮೊದಲೇ ಬೆವರಾಗಿ ಹೋಗಿರುತ್ತಿತ್ತು. ಟಿಕೆಟ್ಟು, ಬಾಟಲಿ, ಜೊತೆಗೆ ಹುರಿದ ಶೇಂಗಾ ಎಲ್ಲ ಸೇರಿದರೆ ನಮ್ಮ ಮನೆಯ ವಾರದ ಕಾಯಿಪಲ್ಲೆ ಬರುತ್ತಿತ್ತು. ಇಲ್ಲೇ ಜೇವರ್ಗಿಯಲ್ಲಿ ತರಿಸೋಣವೆಂದರೆ ಅದು ಚಹಾದಷ್ಟು ಬಿಸಿ ಇರುತ್ತದೆ ಎಂದು ಅವರ ತಕರಾರು. ಅಲ್ಲದೆ ಮನೆಯಲ್ಲಿ ಅವರ ತಾಯಿ ಇದ್ದರು.

ಅತ್ತೆ ಗೌರಮ್ಮನವರು ಅಫಜಲಪುರ ತಾಲೂಕಿನ ಗೊಬ್ಬೂರಿನವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಹೊತ್ತು ಹುಟ್ಟುವ ಮೊದಲು ಲಿಂಗಪೂಜೆ, ಆಮೇಲೆ ದಿನವಿಡೀ ಕೆಲಸ, ಕೆಲಸ ಮುಗಿದರೆ ಬಾಗಿಲಲ್ಲಿ ಕುಳಿತು ಓಣಿಯ ಯೋಗಕ್ಷೇಮ. ಅವರು ಕೆಟ್ಟವರಲ್ಲ. ಆದರೆ ಮೂರು ವರ್ಷವಾದರೂ ಸೊಸೆಯ ಮಡಿಲು ತುಂಬಲಿಲ್ಲವಲ್ಲ ಎಂಬ ಚಿಂತೆಯನ್ನು ಅವರು ಬಾಯಿ ಬಿಟ್ಟು ಹೇಳದೆ, ಹಾಲಿನ ಲೋಟವನ್ನು ನನ್ನ ಮುಂದೆ ಇಡುವ ರೀತಿಯಲ್ಲಿಯೇ ತೋರಿಸುತ್ತಿದ್ದರು.

ನಾನು ಓದಿದ ಕಾಲೇಜಿನ ಪುಸ್ತಕದಲ್ಲಿ ಹುಳಿ ಬರಿಸುವ ಬಗ್ಗೆ ಒಂದು ಪಾಠವಿತ್ತು. ಇಡ್ಲಿ, ದೋಸೆ, ಬ್ರೆಡ್ಡು ಎಲ್ಲ ಆದ ಮೇಲೆ ಕೊನೆಗೆ ಒಂದೇ ಸಾಲಿನಲ್ಲಿ, ಮೊಳಕೆ ಬಂದ ಧಾನ್ಯದಿಂದ ಬೀರನ್ನೂ ತಯಾರಿಸುತ್ತಾರೆ ಎಂದಿತ್ತು. ಆ ಒಂದು ಸಾಲನ್ನು ನಂಬಿ ನಾನು ಹೊರಟೆ. ಧಾನ್ಯಕ್ಕೇನು ಬರ, ಗೊಬ್ಬೂರಿನ ಹೊಲದ ಬಿಳಿ ಜೋಳ ಮನೆಯಲ್ಲೇ ಚೀಲಗಟ್ಟಲೆ ಇತ್ತು. ಮನೆಯಲ್ಲಿ ಹೀಗೆ ಮಾಡುವುದು ಕಾಯ್ದೆಗೆ ವಿರುದ್ಧ ಎಂಬುದು ಆಗ ನನಗೆ ಹೊಳೆಯಲೂ ಇಲ್ಲ. ಅಡಿಗೆಮನೆಯೊಳಗೆ ಕಾಯ್ದೆ ಬರುತ್ತದೆಂದು ಯಾವ ಹೆಂಗಸೂ ಯೋಚಿಸುವುದಿಲ್ಲ.

ಜೋಳ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಅತ್ತೆ ನೋಡಿದರು.

“ಯಾಕವ್ವಾ ಜೋಳ ಮೊಳಕಿ ಕಟ್ಟೀದಿ?”

“ಅಂಬಲಿ ಮಾಡ್ಬೇಕಂತ್ರಿ ಅತ್ತಿ. ಸ್ವಲ್ಪ ಹುಳಿ ಬರಿಸಿ ಕುಡೀಬೇಕು ಅನಸ್ಲಾಕತ್ತದ.”

“ಹುಳಿ ಬೇಕು ಅನಸ್ಲಾಕತ್ತದೇನು?” ಎಂದು ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ನೀರಿನ ಕೊಡ ಇಸಿದುಕೊಂಡರು. ಬೇಸಿಗೆಯಲ್ಲವೇ, ಸೊಸೆಯ ಮೇಲೆ ಕರುಣೆ ಬಂದಿರಬೇಕು ಎಂದುಕೊಂಡೆ.

ಮೊಳಕೆ ಒಣಗಿಸಿ, ತರಿತರಿಯಾಗಿ ಬೀಸಿ, ಕುದಿಸಿ, ಸೋಸಿ, ಬೆಲ್ಲ ಹಾಕಿ, ಗುಲ್ಬರ್ಗದ ಬೇಕರಿಯಿಂದ ಗಂಡನ ಕೈಲಿ ತರಿಸಿದ ಬ್ರೆಡ್ಡಿನ ಹುಳಿಹಿಟ್ಟನ್ನು ಸೇರಿಸಿ ಮಣ್ಣಿನ ಗಡಿಗೆಯಲ್ಲಿಟ್ಟೆ. ಬೀರು ಕಹಿ ಇರುತ್ತದೆಂದು ಅವರು ಹೇಳಿದ್ದರಿಂದ ಹಿತ್ತಲಿನ ಬೇವಿನ ಒಂದು ಟೊಂಗೆಯನ್ನೂ ಮುರಿದು ಕುದಿಸಿದ್ದೆ. ಅಡಿಗೆಮನೆಯ ಮೂಲೆಯಲ್ಲಿ ಒದ್ದೆ ಉಸುಕಿನ ಮೇಲೆ ಗಡಿಗೆ ಕೂತಿತು. ಅದು ಹಗಲೂ ರಾತ್ರಿ ಗೊಳಗೊಳ ಎನ್ನುತ್ತ, ಅಜೀರ್ಣವಾದ ಹಿರಿಯರಂತೆ ತೇಗುತ್ತಿತ್ತು.

ಮುಂದಿನ ಶನಿವಾರ ಅವರು ಗುಲ್ಬರ್ಗಕ್ಕೆ ಹೋಗಲಿಲ್ಲ. ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ಸ್ಟೀಲ್ ಲೋಟದಲ್ಲಿ ಕೊಟ್ಟೆ. ಒಂದು ಗುಟುಕು ಕುಡಿದು ಅವರು ಬಹಳ ಹೊತ್ತು ಆಕಾಶ ನೋಡಿದರು.

“ಹ್ಯಾಂಗದ್ರೀ?”

“ತಣ್ಣಗ ಅದ,” ಎಂದರು.

ಅದು ಮೆಚ್ಚುಗೆಯಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ನಾನೂ ಒಂದು ಗುಟುಕು ರುಚಿ ನೋಡಿದೆ. ಜಂತುಹುಳುವಿಗೆ ಕೊಡುವ ಔಷಧಿಯ ಹಾಗಿತ್ತು. ಎರಡನೆಯ ಸಲ ಬೇವು ಬಿಟ್ಟು ಸ್ವಲ್ಪ ಮೆಂತ್ಯ, ಶುಂಠಿ ಹಾಕಿದೆ. ಈ ಸಲ ನೊರೆ ಬಂತು, ಮೂಗಿಗೆ ಚುರುಕು ಹತ್ತಿತು, ನಾಲಗೆಯ ಮೇಲೆ ಹುಳಿ, ಗಂಟಲಲ್ಲಿ ತಂಪು. ಅವರು “ಪಹಿಲೇಕ್ಕಿಂತ ಛಲೋ ಅದ” ಎಂದು ಅರ್ಧ ಲೋಟಕ್ಕೇ ನಿಲ್ಲಿಸಿದರು. ರುಚಿ ನೋಡಲು ನಾನು ಮತ್ತೊಂದು ಲೋಟ ಹಾಕಿಕೊಂಡೆ. ತಯಾರಿಸಿದವರು ರುಚಿ ನೋಡದೆ ಇದ್ದರೆ ಪ್ರಯೋಗ ಪೂರ್ತಿಯಾಗುವುದಿಲ್ಲ. ಆ ಬೇಸಿಗೆಯಲ್ಲಿ ನನ್ನ ಪ್ರಯೋಗಗಳು ಪೂರ್ತಿಯಾಗುತ್ತಲೇ ಇದ್ದವು.

ಕೆಳಗೆ ಅತ್ತೆ ಬೇರೆಯದೇ ಲೆಕ್ಕದಲ್ಲಿದ್ದರು. ನನ್ನನ್ನು ಬಟ್ಟೆ ಒಗೆಯಲು ಬಿಡುತ್ತಿರಲಿಲ್ಲ. ಒಂದೆರಡು ಸಲ ತಲೆ ಸುತ್ತುತ್ತದೆಂದು ನಾನು ಬೇಗ ಮಲಗಿದಾಗ ಹಣೆಗೆ ವಿಭೂತಿ ಹಚ್ಚಿ, ಸೆರಗಿನಿಂದ ಗಾಳಿ ಹಾಕಿದರು. ಶಾಲೆಯಲ್ಲಿ ಹಿರಿಯ ಟೀಚರೊಬ್ಬರು ಸುಮ್ಮನೆ ನನ್ನನ್ನು ನೋಡಿ ನಗುತ್ತಿದ್ದರು. ನನಗೆ ಯಾವುದೂ ತಿಳಿಯಲಿಲ್ಲ.

ತಿಳಿದದ್ದು ಅತ್ತೆಯ ತಂಗಿ ನೀಲಮ್ಮ ಗೊಬ್ಬೂರಿನಿಂದ ಬಂದ ದಿನ. ಬಸ್ಸಿಳಿದು ಬಂದವರೇ ನೀರೂ ಕುಡಿಯದೆ ಕೈಚೀಲ ಬಿಚ್ಚಿ, ಒಂದು ಪುಟ್ಟ ಕೌದಿ ತೆಗೆದು ನನ್ನ ಮಡಿಲಲ್ಲಿಟ್ಟರು. ಮಾವನ ಹಳೆಯ ಧೋತರ, ಅತ್ತೆಯ ಹಳೆಯ ಇಳಕಲ್ ಸೀರೆ, ಯಾರದೋ ಕೆಂಪು ಕುಪ್ಪಸ, ಎಲ್ಲ ಸೇರಿಸಿ ಸಣ್ಣ ಸಣ್ಣ ಹೊಲಿಗೆಯಲ್ಲಿ ಹೊಲಿದದ್ದು. ಒಂದು ಕೂಸು ಮಲಗುವಷ್ಟೇ ಅಗಲ.

“ಅಕ್ಕ ಹೇಳಿ ಕಳಿಸಿದ್ಳು, ಹುಳಿ ಅಂಬಲಿ ಬಿಟ್ರ ಬ್ಯಾರೇ ಏನೂ ಸೇರಂಗಿಲ್ಲಂತ ನಿನಗ,” ಎಂದರು ನೀಲಮ್ಮ. “ನಮ್ಮ ಓಣ್ಯಾಗಿನ ಹೆಣ್ಮಕ್ಕಳೆಲ್ಲ ಕೈ ಹಚ್ಯಾರ ನೋಡವ್ವಾ ಇದಕ್ಕ.”

ಕೌದಿಯ ಮೇಲೆ ಕೈಯಿಟ್ಟು ಕುಳಿತೆ. ನಗು ಬರಲಿಲ್ಲ. ಬಾಗಿಲಲ್ಲಿ ನಿಂತ ಅತ್ತೆಯ ಮುಖದಲ್ಲಿ ನಾನೆಂದೂ ನೋಡದ ಒಂದು ಬೆಳಕಿತ್ತು. ಇನ್ನೂ ಒಂದು ದಿನ ಸುಮ್ಮನಿದ್ದರೆ ಸುದ್ದಿ ಅಫಜಲಪುರ ತಾಲೂಕನ್ನೆಲ್ಲ ಸುತ್ತಿ ಬರುತ್ತದೆ. ನೀಲಮ್ಮ ಕಾಲು ತೊಳೆಯಲು ಹಿತ್ತಲಿಗೆ ಹೋದೊಡನೆ ಅತ್ತೆಯನ್ನು ಅಡಿಗೆಮನೆಗೆ ಕರೆದೆ.

“ಅತ್ತಿ, ಹಂಗೇನಿಲ್ರೀ. ನಾ ಬಸರಾಗಿಲ್ಲ.”

“ಮತ್ತ ಅಂಬಲಿ?”

“ಅದು ಅಂಬಲಿ ಅಲ್ರೀ. ಬೀರು.”

ಅವರು ಗಡಿಗೆಯ ಕಡೆ ನೋಡಿದರು, ಅದು ಸರಿಯಾದ ಸಮಯಕ್ಕೆ ಒಮ್ಮೆ ತೇಗಿತು. ಅತ್ತೆ ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತುಬಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಾಗ ನನಗೆ ಅವರು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು. ಪಕ್ಕದಲ್ಲಿ ಕುಳಿತೆ. ಅವರೇ ಕೇಳಿದರು.

“ಯಾರಿಗೆ ಮಾಡಾಕತ್ತಿದ್ದಿ, ಮಲ್ಲ್ಯಾಗ?”

“ಹೂನ್ರೀ. ಶನಿವಾರ ಕಲಬುರ್ಗಿಗೆ ಹೋಗಿ ಕುಡೀತಿದ್ರು. ಖರ್ಚು ಭಾಳಂತ...”

“ಪ್ರತಿ ಶನಿವಾರ ಆಂವ ಅದಕ್ಕೇ ಹೋಗ್ತಿದ್ನೇನು?” ಅತ್ತೆಯ ಧ್ವನಿ ಬದಲಾಯಿತು. “ನೀ ಒಬ್ಬಾಕಿನೇ ಇಲ್ಲಿ?”

“ಹೌದ್ರೀ.”

“ಹಂಗಾದ್ರ ಮಕ್ಕಳು ಹ್ಯಾಂಗ ಆಗಬೇಕವ್ವಾ! ವಾರಗಟ್ಲೆ ಆಂವ ರೋಡಿನ ಮ್ಯಾಲೆ, ನೀ ಸಾಲ್ಯಾಗ. ಸೂಟಿ ಸಿಕ್ಕ ದಿನ ಆಂವ ಅಲ್ಲಿ, ನೀ ಇಲ್ಲಿ. ಶಿವ ಏನ್ ಮಾಡ್ತಾನ ಇದ್ರಾಗ?”

ಸಂಜೆ ಮಗ ಮನೆಗೆ ಬರುವಷ್ಟರಲ್ಲಿ ಅವರು ಗಡಿಗೆಯನ್ನು ತಾವೇ ಎತ್ತಿ ಹಿತ್ತಲ ಬೇವಿನ ಬುಡಕ್ಕೆ ಸುರಿದಿದ್ದರು. ನೀಲಮ್ಮನಿಗೆ ‘ಆಕೀಗಿ ಪಿತ್ತ ಆಗಿತ್ತಂತ, ನಾನೇ ತಪ್ಪು ತಿಳಕೊಂಡೆ’ ಎಂದು ಹೇಳಿ ಮುಗಿಸಿದ್ದರು. ಕೌದಿಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ, ಮಡಿಚಿ ತಮ್ಮ ಪೆಟ್ಟಿಗೆಯಲ್ಲಿಟ್ಟರು. ಮಗನಿಗೆ ಹೇಳಿದ್ದು ಇಷ್ಟೇ: “ಲೇ ಮಲ್ಲ್ಯಾ, ಲಿಂಗ ಇರೋ ಮನ್ಯಾಗ ಆ ಗಡಗಿ ಬ್ಯಾಡ. ಹೊರಗ ಏನ್ ಮಾಡ್ತಿ ನನಗ ಗೊತ್ತಿಲ್ಲ, ಹೇಳಬ್ಯಾಡ. ಆದ್ರ ಇನ್ ಮ್ಯಾಲೆ ಕಲಬುರ್ಗಿಗೆ ಹೋದ್ರ ಇಬ್ರೂ ಕೂಡೇ ಹೋಗ್ರಿ.”

ತಾಯಿಯ ಮಾತನ್ನು ಮೀರುವವರಲ್ಲ ನನ್ನ ಗಂಡ. ಮುಂದಿನ ಶನಿವಾರ ಇಬ್ಬರೂ ಬಸ್ಸು ಹತ್ತಿದೆವು. ಅವರು ಕುಡಿಯಲು ಹೋಗುತ್ತಿದ್ದ ಹೋಟೆಲಿನಲ್ಲಿ ಹಸಿರು ಪರದೆ ಹಾಕಿದ ಒಂದು ಫ್ಯಾಮಿಲಿ ರೂಮಿತ್ತು. ಅವರು ನನಗೆ ನಿಂಬೆಹಣ್ಣಿನ ಶರಬತ್ತು ಹೇಳಿದರು. ಬಾಟಲಿ ಬಂತು, ಮೈತುಂಬ ಬೆವರಿತ್ತು ಅದಕ್ಕೆ. ಪರದೆ ಸರಿಸಿಕೊಂಡು ವೇಟರ್ ಹೊರಗೆ ಹೋದ ಮೇಲೆ ನನ್ನದಕ್ಕೂ ಇದಕ್ಕೂ ಏನು ಫರಕು ಎಂದು ತಿಳಿಯಲು, ಕೇವಲ ತುಲನೆಗಾಗಿ, ಒಂದು ಗುಟುಕು ಕುಡಿದು ನೋಡಿದೆ. ತುಲನೆ ಬೇಗ ಮುಗಿಯಲಿಲ್ಲ. ಖಾಲಿ ಬಾಟಲಿಯನ್ನು ನೋಡಿ ಅವರು ಇನ್ನೊಂದು ತರಿಸಿದರು.

ಆ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಬೀರಿನ ಖರ್ಚು ಇಮ್ಮಡಿಯಾಗಿತ್ತು, ಬಸ್ಸಿನ ಟಿಕೆಟ್ಟೂ ಎರಡು. ಒಂದು ಶನಿವಾರ ಭೀಮಾ ಸೇತುವೆ ದಾಟುವಾಗ ಅವರು ಬಹಳ ಯೋಚನೆ ಮಾಡಿ, “ಶಾಂತಾ, ನೀ ಮಾಡಿದ್ದು ಅಷ್ಟೇನು ಕೆಟ್ಟ ಇರಲಿಲ್ಲ ನೋಡು. ಯಾರದರ ಹೊಲದಾಗ ಒಂದು ಗಡಗಿ ಇಟ್ರ ಹ್ಯಾಂಗ?” ಎಂದರು.

ನಾನು ಕಿಟಕಿಯ ಹೊರಗೆ ನೋಡುತ್ತ ಹೇಳಿದೆ: “ಬ್ಯಾಡ್ರೀ. ಅದು ಫ್ರಿಜ್ಜಿನದರಂಗ ತಣ್ಣಗ ಆಗಂಗಿಲ್ಲ.”