ಕೋರ್ಸಿಗೆ ಹೂ ಕೇಳಿದ ಪ್ರಸಂಗ

ನನ್ನ ನೆನಪಿನ ಶಕ್ತಿಯೊಂದನ್ನು ಬಿಟ್ಟರೆ ನನಗೆ ನನ್ನ ಬಗ್ಗೆ ಯಾವ ಸಂಶಯವೂ ಇಲ್ಲ. ಮಿಕ್ಕ ಸಂಶಯಗಳೆಲ್ಲ ಬೇರೆಯವರ ಬಗ್ಗೆ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ತುಮಕೂರಿನ ಸತ್ಯಮಂಗಲದ ಒಂದು ರಬ್ಬರ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬೇರೆಯವರು ಸರಿಯಾಗಿದೆ ಎಂದು ಕಳಿಸಿದ್ದನ್ನು ಸರಿಯಿಲ್ಲ ಎಂದು ವಾಪಸ್ ಕಳಿಸುವುದು ನನ್ನ ಉದ್ಯೋಗ. ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲೂ ಅದನ್ನೇ ಮಾಡುತ್ತೇನೆ, ಪುಕ್ಕಟೆಯಾಗಿ.

ನೆನಪಿನ ಕಥೆ ಮಾತ್ರ ಬೇರೆ. ಗೇಟಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಟವಾಡಿಯವರೆಗೆ ಹೋದವನು ಗಾಡಿ ತಿರುಗಿಸಿಕೊಂಡು ಬಂದು ನೋಡುತ್ತೇನೆ. ಹಾಕಿರುತ್ತೇನೆ. ಮತ್ತೆ ಬಟವಾಡಿಗೆ ಹೋದ ಮೇಲೆ, ವಾಪಸ್ ಬಂದು ನೋಡಿದ್ದು ಇವತ್ತೋ ನಿನ್ನೆಯೋ ಎಂದು ಅನುಮಾನ ಶುರುವಾಗುತ್ತದೆ!

ಇದಕ್ಕೆ ಬೇರೆಯವರಾದರೆ ಬ್ರಾಹ್ಮಿ ಎಲೆ ತಿನ್ನುತ್ತಿದ್ದರು. ನಾನು ಓದಿದವನು. ಆದ್ದರಿಂದ ಎಂ.ಎ. ಮನಶ್ಶಾಸ್ತ್ರಕ್ಕೆ ಸೇರಿಕೊಂಡೆ. ಊರಿನ ಒಂದು ಸಂಜೆ ಕಾಲೇಜು. ಯಾವುದೆಂದು ಹೇಳುವುದಿಲ್ಲ, ಮುಂದೆ ಅವರೇ ನನಗೆ ಮಾರ್ಕ್ಸ್ ಹಾಕಬೇಕು. ಮನುಷ್ಯನ ಮೆದುಳಿನ ಒಳಗುಟ್ಟುಗಳೆಲ್ಲ ಬಯಲಾಗುತ್ತವೆ, ನನ್ನ ಮರೆವಿನ ಬೇರು ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಿಂದ ಹೊಸ ಬ್ಯಾಗು ತೆಗೆದುಕೊಂಡು ಹೋದೆ. ವಿಭಾಗದ ಮುಖ್ಯಸ್ಥರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ನೆನಪಿನ ಬಗ್ಗೆ ಡಿಕ್ಟೇಶನ್ ಕೊಟ್ಟರು. "ನಾಳೆ ಬಾಯಿಪಾಠ ಮಾಡ್ಕೊಂಡು ಬನ್ನಿ" ಅಂದರು.

ಬಾಯಿಪಾಠ ಮಾಡಲು ಬರುವ ಹಾಗಿದ್ದರೆ ನಾನು ಈ ಕೋರ್ಸಿಗೆ ಯಾಕೆ ಸೇರುತ್ತಿದ್ದೆ?

ಕೆಲವು ವಾರಗಳಲ್ಲೇ ನನಗೆ ಕೋರ್ಸಿನ ಮೇಲೆ ಸಂಪೂರ್ಣ ಅಸಮಾಧಾನ ಹುಟ್ಟಿತು. ಬಿಟ್ಟುಬಿಡೋಣವೇ ಎಂದರೆ ಸುಮ್ಮನೆ ಬಿಡುವ ಹಾಗೂ ಇರಲಿಲ್ಲ. ಬಿಡುವವರು ಸೋಮವಾರ ಸಂಜೆಯೊಳಗೆ ಬಂದು ಹೇಳಿಬಿಡಬೇಕು, ಆಮೇಲೆ ಪರೀಕ್ಷೆ ಬರೆಯದಿದ್ದರೆ ಹೆಸರಿನ ಮುಂದೆ 'ಅನುತ್ತೀರ್ಣ' ಎಂದೇ ಬೀಳುತ್ತದೆ ಎಂದು ಮುಖ್ಯಸ್ಥರು ಹೇಳಿದ್ದರು. ನಾನು ಹುಟ್ಟಿದಾಗಿನಿಂದ ಯಾವುದರಲ್ಲೂ ಫೇಲಾದವನಲ್ಲ. ಬಂಧುಬಳಗದಲ್ಲಿ ಇದ್ದ ಒಂದೇ ಮರ್ಯಾದೆ ಅದು. ಮುಂದುವರಿಸಿದರೆ ಆ ನೋಟ್ಸು ನನ್ನ ತಲೆಗೆ ಹತ್ತದೆ ಫೇಲಾಗುವ ಭಯ. ಬಿಟ್ಟರೆ, ಕಷ್ಟವಾಯಿತು ಅಂತ ಓಡಿಬಂದ ಎನ್ನುತ್ತಾರೆಂಬ ಭಯ.

ಒಂದು ಭಾನುವಾರ ಹೆಂಡತಿ ಸವಿತಾಳ ಸಲಹೆ ಕೇಳಿದೆ. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಉತ್ತರ ಚಿಕ್ಕದಾಗಿರುತ್ತದೆ.

"ಬಿಡೋದಾದ್ರೆ ಬಿಡಿ, ಓದೋದಾದ್ರೆ ಓದಿ. ನನ್ನ ತಲೆ ತಿನ್ಬೇಡಿ."

"ಇದು ಸಲಹೆ ಅಲ್ಲ ಕಣೇ, ಎರಡು ಆಯ್ಕೆ."

"ನಾಲ್ಕು ಆಯ್ಕೆ ಬೇಕಿತ್ತೇನ್ರೀ? ಕೊಡ್ತಿದ್ದೆ. ನೀವು ನಾಲ್ಕನ್ನೂ ರಿಜೆಕ್ಟ್ ಮಾಡ್ತೀರ ಅಂತ ಬಿಟ್ಟೆ."

ಮನೆಯೊಳಗೆ ತಜ್ಞರ ಕೊರತೆ ಇದೆ ಎಂಬುದು ಸ್ಪಷ್ಟವಾಯಿತು. ಶನಿವಾರ ಮಧ್ಯಾಹ್ನ ಕಾರ್ಖಾನೆಯಿಂದಲೇ ಗುಬ್ಬಿ ಬಸ್ಸು ಹತ್ತಿದೆ. ಸವಿತಾಳ ತಮ್ಮ ಲೋಕೇಶ ಗುಬ್ಬಿಯಲ್ಲಿದ್ದಾನೆ. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಆಕಾಶಕ್ಕೆ ಸಂಬಂಧಪಟ್ಟವನು, ಸ್ವಲ್ಪ ಮೇಲಿನಿಂದ ನೋಡಿ ಹೇಳುತ್ತಾನೆ ಎಂದುಕೊಂಡೆ.

ಅವನು ಕಾಫಿ ಲೋಟ ಕೈಗೆ ಕೊಟ್ಟು ಗಂಭೀರವಾಗಿ ಶುರುಮಾಡಿದ.

"ಭಾವ, ಹೆಲಿಕಾಪ್ಟರ್ ಮೇಲಕ್ಕೆ ಎದ್ದ ಮೇಲೆ ಊರು ತಲುಪೋವರೆಗೂ ಹೋಗ್ಲೇಬೇಕು. ಮಧ್ಯದಲ್ಲಿ ಇಳಿಸೋ ಹಾಗಿಲ್ಲ."

"ಎಲ್ಲಂದ್ರಲ್ಲಿ ಇಳಿಸೋದಕ್ಕೇ ಅಲ್ವೇನೋ ಹೆಲಿಕಾಪ್ಟರ್ ಇರೋದು?"

ಅವನು ತಲೆ ಕೆರೆದುಕೊಂಡ. "ಇರಬಹುದು ಭಾವ. ನಾನು ಸ್ಟೋರ್ಸ್‌ನಲ್ಲಿರೋದು."

ಆಮೇಲೆ ದನಿ ತಗ್ಗಿಸಿ, "ನನ್ನ ಕೇಳಿದ್ರೆ ನೀವು ಹೂ ಕೇಳ್ಬಿಡಿ. ಸೈಟು ಈ ಕಡೆ ತಗೊಳ್ಳೋದಾ, ಹೆದ್ದಾರಿ ಕಡೆ ತಗೊಳ್ಳೋದಾ ಅಂತ ನಾವೂ ಗುಡೀಲಿ ಅಮ್ಮನ ಹತ್ರ ಹೂ ಕೇಳೇ ತೀರ್ಮಾನ ಮಾಡಿದ್ದು" ಅಂದ.

ನಮ್ಮ ಕಡೆ ಹೂ ಕೇಳುವುದೆಂದರೆ ಎಲ್ಲರಿಗೂ ಗೊತ್ತು. ದೇವಿಯ ವಿಗ್ರಹದ ಎರಡೂ ಕಡೆ ಒದ್ದೆ ಹೂ ಅಂಟಿಸುತ್ತಾರೆ. ನಾವು ಕೈಮುಗಿದು ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಬಲಗಡೆ ಹೂ ಬಿದ್ದರೆ ಅಪ್ಪಣೆಯಾಯಿತು, ಎಡಗಡೆ ಬಿದ್ದರೆ ಬೇಡ ಅಂತ.

ನಾನು ಗುಬ್ಬಿ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ನಕ್ಕೆ. ಕಾಫಿ ಆರುವ ತನಕ ಸಂಭವನೀಯತೆ, ಗುರುತ್ವಾಕರ್ಷಣೆ, ನೀರಿನ ಅಂಟುಗುಣ ಇತ್ಯಾದಿಗಳ ಬಗ್ಗೆ ಉಪನ್ಯಾಸ ಮಾಡಿದೆ. ಕೊನೆಗೆ, "ಬೇಕಾದ್ರೆ ನಾಳೆಯೇ ಹೋಗಿ ಹೂ ಕೇಳ್ತೀನಿ. ಅದು ಬರೀ ಒದ್ದೆ ಹೂವಿನ ಆಟ ಅಂತ ಪ್ರಯೋಗ ಮಾಡಿ ತೋರಿಸ್ತೀನಿ!" ಎಂದು ಘೋಷಿಸಿದೆ. ಸಲಹೆ ಕೇಳಲು ಹೋದವನು ಸಂಶೋಧಕನಾಗಿ ವಾಪಸ್ ಬಂದೆ.

ನಮ್ಮ ಮನೆದೇವತೆಯ ಗುಡಿ ಇರುವುದು ಕುಣಿಗಲ್ ತಾಲ್ಲೂಕಿನ ಅಮೃತೂರಿನ ಆಚೆ. ಭಾನುವಾರ ಕುಣಿಗಲ್‌ನಲ್ಲಿ ಬಸ್ಸಿಳಿದು, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ತೆಂಗಿನಸಸಿಗಳ ಜೊತೆ ನಿಂತುಕೊಂಡು ಅಮೃತೂರು ತಲುಪಿದೆ. ಅಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ವಿಷಯ ಹೇಳುವ ಮೊದಲೇ ಅವರು ಸೆರಗು ಸಿಕ್ಕಿಸಿ ಸಿದ್ಧರಾಗಿದ್ದರು. ಲೋಕೇಶ ಫೋನ್ ಮಾಡಿದ್ದನಂತೆ.

"ಏನ್ಲಾ ನಾಗ್ರಾಜ, ಬುದ್ಧಿ ಬಂತೇನ್ಲಾ ಈಗ?"

"ಬುದ್ಧಿ ಅಲ್ಲ ದೊಡ್ಡಮ್ಮ, ಇದೊಂದು ಪ್ರಯೋಗ."

"ಏನಾರ ಅನ್ಕೋ ಬುಡು. ಮೊದ್ಲು ಮಿಂದ್ಕೊಂಡು ಬಾ."

ಗುಡಿಯಲ್ಲಿ ಪೂಜಾರಪ್ಪ ಒದ್ದೆ ಕಣಗಿಲೆ ಹೂಗಳನ್ನು ದೇವಿಗೆ ಅಂಟಿಸುತ್ತಿದ್ದರು. ನಮ್ಮ ಹಿಂದೆ ಇನ್ನೂ ಕೆಲವರು ಹೂ ಕೇಳಲು ಕೂತಿದ್ದರು. ನಾನು ಮುಂದೆ ಹೋಗಿ ಪ್ರಯೋಗದ ಷರತ್ತುಗಳನ್ನು ಮಂಡಿಸಿದೆ.

"ಫ್ಯಾನ್ ಆಫ್ ಮಾಡ್ಬೇಕು ಪೂಜಾರಪ್ಪ. ಗಾಳಿ ಆಡಬಾರದು."

"ಕರೆಂಟೇ ಇಲ್ವಲ್ಲ."

"ಎರಡೂ ಕಡೆ ಹೂಗಳ ತೂಕ ಒಂದೇ ಇರ್ಬೇಕು."

ಅವರು ನನ್ನನ್ನೊಮ್ಮೆ, ದೊಡ್ಡಮ್ಮನನ್ನೊಮ್ಮೆ ನೋಡಿದರು. "ಈವಯ್ಯ ತೂಕ ಅಳತೆ ಇಲಾಖೆಯವ್ರಾ?"

"ಅಯ್ಯೋ, ಜಾಸ್ತಿ ಓದವ್ನೆ ಕಣಪ್ಪ. ನೀನು ಪೂಜೆ ಮಾಡು" ಅಂದರು ದೊಡ್ಡಮ್ಮ.

ಮಂಗಳಾರತಿ ಆಯಿತು. "ಮನಸಲ್ಲಿ ಒಂದೇ ಪ್ರಶ್ನೆ ಕೇಳ್ಕೊಳಿ. ಬಾಯಿ ಬಿಡ್ಬೇಡಿ" ಎಂದರು ಪೂಜಾರಪ್ಪ.

ಕಣ್ಣು ಮುಚ್ಚಿದೆ. 'ಕೋರ್ಸು ಬಿಡಲೇ?' ಎಂದು ಕೇಳಿದೆ. ಕೇಳಿದ ಕೂಡಲೇ ನನ್ನೊಳಗಿನ ಕ್ವಾಲಿಟಿ ವಿಭಾಗ ಎದ್ದು ಕೂತಿತು. ಈ ಪ್ರಶ್ನೆಯಲ್ಲಿ ಬಿಡುವುದರ ಕಡೆಗೆ ಒಲವು ಇದೆ, ಇದು ನಿಷ್ಪಕ್ಷಪಾತವಲ್ಲ. ರಿಜೆಕ್ಟ್! 'ಕೋರ್ಸು ಮುಂದುವರಿಸಲೇ?' ಎಂದು ಬದಲಾಯಿಸಿದೆ. ಇದರಲ್ಲಿ ಮುಂದುವರಿಸುವುದರ ಕಡೆಗೆ ಒಲವು. ಅದೂ ರಿಜೆಕ್ಟ್. ಮತ್ತೆ 'ಬಿಡಲೇ?' ಎಂದೆ. ಅಸಮಾಧಾನ ಇರುವವನು ಹಾಗೆ ಕೇಳುವುದೇ ಸಹಜ ಅನ್ನಿಸಿತು. ಆದರೆ ದೇವರ ಮುಂದೆ ನಿಂತು ನಕಾರಾತ್ಮಕವಾಗಿ ಕೇಳುವುದೇ? ತಿರುಗಿಸಿದೆ.

ಹೂವೂ ಬೀಳುತ್ತಿರಲಿಲ್ಲ. ಪಾಪ, ಅದೂ ಯಾವ ಪ್ರಶ್ನೆಗೆ ಬೀಳಬೇಕು?

"ಕೊಡವ್ವ ತಾಯಿ, ಯಾಕವ್ವ ಸತಾಯಿಸ್ತೀಯ? ನಮ್ಮ ಹುಡುಗ ಹಂಗೇ ಸ್ವಲ್ಪ ವಕ್ರ, ಮನಸಿಗೆ ಹಚ್ಕೋಬ್ಯಾಡ" ಎಂದು ದೊಡ್ಡಮ್ಮ ದೇವಿಯ ಹತ್ತಿರ ನನ್ನ ಪರವಾಗಿ ಮಾತಾಡತೊಡಗಿದರು.

ಹಿಂದಿನಿಂದ ಒಬ್ಬ ತಾತ, "ಬಿರ್ರನೆ ಕೇಳ್ಕೊಳಪ್ಪ, ನಮ್ದು ಬೋರ್‌ವೆಲ್ ವಿಷ್ಯ ಐತೆ" ಎಂದ.

ನಾನು ಗಾಬರಿಯಲ್ಲಿ ಪ್ರಶ್ನೆಯನ್ನು ಇನ್ನೊಮ್ಮೆ ತಿರುಗಿಸಿದೆ. ಅಷ್ಟರಲ್ಲಿ ಪೂಜಾರಪ್ಪ ಗಂಟೆ ಬಾರಿಸಿದರು. ಕಣ್ಣು ಬಿಟ್ಟೆ. ಬಲಗಡೆ ಹೂ! ದುಂಡಗೆ, ಕೆಂಪಗೆ, ಯಾವ ಅನುಮಾನಕ್ಕೂ ಆಸ್ಪದವಿಲ್ಲದ ಹಾಗೆ ದೇವಿಯ ಪಾದದ ಹತ್ತಿರ ಬಿದ್ದಿತ್ತು. ದೊಡ್ಡಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡರು. ಬೋರ್‌ವೆಲ್ ತಾತನೂ ಕೈಮುಗಿದ. ಸತ್ಯ ಹೇಳುತ್ತೇನೆ, ನನಗೂ ಮೈ ಜುಂ ಅಂದಿತು.

"ಅಪ್ಪಣೆ ಆಯ್ತು ಬುಡು! ಏನ್ ಕೇಳ್ದೆ ಮಗ?"

ನಾನು ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು.

ಹೂ ಬೀಳುವಾಗ ನನ್ನ ಮನಸ್ಸಿನಲ್ಲಿದ್ದದ್ದು 'ಬಿಡಲೇ' ಎಂಬುದೋ 'ಮುಂದುವರಿಸಲೇ' ಎಂಬುದೋ? ಆಸ್ತಿಕರು, ನಾಸ್ತಿಕರು ಯಾರೂ ಅಲ್ಲಗಳೆಯಲಾಗದ ಹಾಗೆ ದೇವಿ 'ಹೌದು' ಅಂದಿದ್ದಳು. ಯಾವುದಕ್ಕೆ ಹೌದು ಎಂಬುದು ಇಡೀ ಪ್ರಪಂಚದಲ್ಲಿ ಗೊತ್ತಿರಬೇಕಾದದ್ದು ನನಗೊಬ್ಬನಿಗೆ. ಅಂಥವನನ್ನು ನಂಬಿ ಆ ತಾಯಿ ಉತ್ತರ ಕೊಟ್ಟುಬಿಟ್ಟಿದ್ದಳು!

ಪೂಜಾರಪ್ಪನನ್ನು ಕಂಬದ ಮರೆಗೆ ಕರೆದು ಪಿಸುಗುಟ್ಟಿದೆ. "ಇನ್ನೊಂದ್ ಸಲ ಕೇಳ್ಬಹುದಾ?"

"ಬಲಗಡೆ ಕೊಟ್ಟ ಮೇಲೆ ಮತ್ತೆ ಕೇಳೋ ಹಂಗಿಲ್ಲ. ಮತ್ತೆ ಕೇಳಿದ್ರೆ ಅಮ್ಮನ ಮೇಲೆ ನಂಬಿಕೆ ಇಲ್ಲ ಅಂತ ಆಯ್ತದೆ."

"ನನಗೆ ನಂಬಿಕೆ ಇಲ್ಲ ಪೂಜಾರಪ್ಪ!"

"ಮತ್ಯಾಕೆ ಕೇಳಿದ್ರಿ?"

ಎರಡು ವಿಶ್ವವಿದ್ಯಾಲಯಗಳ ಮೆಟ್ಟಿಲು ಹತ್ತಿದ ನಾನು ಕಂಬಕ್ಕೆ ಇನ್ನಷ್ಟು ಅಂಟಿಕೊಂಡೆ. "ಕೇಳಿದ್ದು ಏನು ಅಂತ ಮರೆತುಹೋಯ್ತು" ಎಂದು ಒಪ್ಪಿಕೊಂಡೆ. ಅವರು ಬಹಳ ಕನಿಕರದಿಂದ ನನ್ನ ಹಣೆಗೆ ಇನ್ನೊಂದು ಸಲ ಕುಂಕುಮ ಇಟ್ಟರು.

ಊಟ ಮುಗಿಯುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿತ್ತು. ಕುಣಿಗಲ್ ತಲುಪುವ ಮೊದಲೇ ಲೋಕೇಶನ ಫೋನು. "ಬಲಗಡೆ ಆಯ್ತಂತಲ್ಲ ಭಾವ! ನಾನು ಹೇಳ್ಲಿಲ್ವಾ, ಮುಂದುವರಿಸಿ ಅಂತ!" ಆಮೇಲೆ ನಮ್ಮ ಪಕ್ಕದ ಮನೆಯವರದು. "ಬಿಟ್ಬಿಡಿ ಅಂತ ದೇವ್ರೇ ಹೇಳ್ತಂತೆ? ಒಳ್ಳೇದಾಯ್ತು ಬಿಡಿ, ಈ ವಯಸ್ಸಲ್ಲಿ ಯಾಕೆ ಬೇಕಿತ್ತು." ಇಬ್ಬರಿಗೂ ಥ್ಯಾಂಕ್ಸ್ ಹೇಳಿದೆ. ಹೂ ಒಂದೇ, ಯಾರಿಗೆ ಏನು ಬೇಕೋ ಅದನ್ನೇ ಹೇಳುತ್ತಿತ್ತು.

ತುಮಕೂರಿನವರೆಗೂ ಕಿಟಕಿ ಪಕ್ಕ ಕೂತು ಶಾಸ್ತ್ರೀಯವಾಗಿ ಯೋಚಿಸಿದೆ. ಹೂ ಬಿದ್ದಾಗ ನನಗೆ ಖುಷಿಯಾಗಿತ್ತು. ಅಂದರೆ ನನಗೆ ಏನು ಬೇಕಿತ್ತೋ ಅದನ್ನೇ ಕೇಳಿದ್ದೆ. ಅಸಮಾಧಾನಗೊಂಡ ಮನುಷ್ಯನಿಗೆ ಏನು ಬೇಕಿರುತ್ತದೆ? ಬಿಡುವುದು! ಸಿದ್ಧಾಂತ ಸರಿಹೋಯಿತು. ನನ್ನ ತರ್ಕದ ಮುಂದೆ ನನ್ನ ಮರೆವು ಸೋತಿತು. ಆ ರಾತ್ರಿ ಬಹಳ ದಿನಗಳ ನಂತರ ಗೇಟಿನ ಬೀಗವನ್ನು ಒಂದೇ ಸಲ ನೋಡಿ ಮಲಗಿದೆ.

ಸೋಮವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಖ್ಯಸ್ಥರ ಕೊಠಡಿಗೆ ಹೋದೆ. ಬಿಡುವುದೇ ಆದರೆ ಗೌರವದಿಂದ ಬಿಡಬೇಕು, ಹೋಗುವವನು ಹೇಡಿಯಲ್ಲ, ವಿಮರ್ಶಕ ಎಂದು ಅವರಿಗೆ ಗೊತ್ತಾಗಬೇಕು. ಅದಕ್ಕಾಗಿ ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ.

"ಸಾರ್, ಈ ಕೋರ್ಸಿನಲ್ಲಿ ಮೂರು ಮೂಲಭೂತ ದೋಷಗಳಿವೆ. ಒಂದು, ಇಲ್ಲಿ ಯೋಚನೆಗೆ ಜಾಗವಿಲ್ಲ, ಬರೀ ಡಿಕ್ಟೇಶನ್. ಎರಡು, ಆ ಡಿಕ್ಟೇಶನ್ ನೋಟ್ಸು ನಮ್ಮ ತಾತನ ಕಾಲದ್ದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು..."

ಮುಖ್ಯಸ್ಥರು ತಾಳ್ಮೆಯಿಂದ ಕಾದರು. ನಾನೂ ಕಾದೆ.

"ಮೂರನೆಯದು ಆಮೇಲೆ ಹೇಳ್ತೀನಿ ಸಾರ್. ಒಟ್ಟಿನಲ್ಲಿ ನಾನು ಕೋರ್ಸು ಬಿಡ್ತಾ ಇದೀನಿ."

ಅವರು ಕನ್ನಡಕ ತೆಗೆದು ಒರೆಸಿದರು. "ನಾಗರಾಜ್, ಬಿಡೋಕೆ ಕಡೇ ದಿನ ಹೋದ ಸೋಮವಾರ."

"ಇಲ್ಲ ಸಾರ್, ಈ ಸೋಮವಾರ. ನನಗೆ ಚೆನ್ನಾಗಿ ನೆನಪಿದೆ." ಹೇಳಿದ ಮೇಲೆ ಆ ವಾಕ್ಯ ನನ್ನ ಕಿವಿಗೇ ಒಂಥರಾ ಕೇಳಿಸಿತು.

"ಹೋದ ಸೋಮವಾರ ಇದೇ ಕುರ್ಚೀಲಿ ಕೂತು ಇದೇ ಭಾಷಣ ಮಾಡಿದ್ರಿ. ಇವತ್ತೇ ಕಡೇ ದಿನ, ಬಿಡ್ತೀರಾ ಅಂತ ಕೇಳ್ದೆ. ಯೋಚ್ನೆ ಮಾಡಿ ಸೋಮವಾರ ಹೇಳ್ತೀನಿ ಅಂತ ಎದ್ದು ಹೋದ್ರಿ."

ಗುಬ್ಬಿ, ಕುಣಿಗಲ್, ಅಮೃತೂರು, ಕಣಗಿಲೆ ಹೂ ಎಲ್ಲ ಒಂದು ಸುತ್ತು ಕಣ್ಣ ಮುಂದೆ ಹಾದುಹೋದವು. ನಾನು ಊರೂರು ತಿರುಗಿ ತೀರ್ಮಾನ ಮಾಡುತ್ತಿದ್ದಾಗ ತೀರ್ಮಾನಿಸಲು ಏನೂ ಉಳಿದೇ ಇರಲಿಲ್ಲ! ಇನ್ನು ಪರೀಕ್ಷೆ ಬರೆಯಬೇಕು, ಇಲ್ಲವೇ ಜೀವನದಲ್ಲಿ ಮೊದಲ ಸಲ ಫೇಲಾಗಬೇಕು. ಆ ಪರೀಕ್ಷೆಯ ಪತ್ರಿಕೆ ತಿದ್ದುವವರ ಎದುರಿಗೆ ಕೂತು, ಅವರ ಪಾಠದ ದೋಷಗಳನ್ನು ಎರಡೆರಡು ಸಲ ಹೇಳಿಯಾಗಿತ್ತು.

ಏಳುವಾಗ ಕುತೂಹಲ ತಡೆಯಲಾಗಲಿಲ್ಲ. "ಸಾರ್, ಅವತ್ತು ಮೂರನೇ ದೋಷ ಏನು ಅಂತ ಹೇಳಿದ್ದೆ?"

"ನನ್ನ ಧ್ವನಿ" ಎಂದರು ಅವರು. "ನಿದ್ದೆ ಬರುತ್ತೆ ಅಂದ್ರಿ."

ಮನೆಗೆ ಬಂದವನು ಸೋಲನ್ನು ಒಪ್ಪಿಕೊಳ್ಳಲಿಲ್ಲ. ಸೋಫಾದ ಮೇಲೆ ನೆಟ್ಟಗೆ ಕೂತು ಸವಿತಾಳಿಗೆ ಹೇಳಿದೆ: "ಎಲ್ಲ ಕೋನಗಳಿಂದಲೂ ಪರಿಶೀಲಿಸಿ, ಕೋರ್ಸು ಮುಂದುವರಿಸೋದು ಅಂತ ತೀರ್ಮಾನ ಮಾಡಿದೀನಿ."

ಅವಳು ಉತ್ತರಪತ್ರಿಕೆಗಳಿಂದ ತಲೆ ಎತ್ತಲಿಲ್ಲ. "ಬಿಡೋಕೆ ಟೈಮ್ ಮುಗಿದು ವಾರ ಆಯ್ತಲ್ಲ."

"ನಿನಗೆ ಗೊತ್ತಿತ್ತಾ?"

"ಹೋದ ಸೋಮವಾರ ಕಾಲೇಜಿಂದ ಬಂದು, ಇವತ್ತೇ ಕಡೇ ದಿನ ಅಂತ ನೀವೇ ಹೇಳಿದ್ರಲ್ರೀ."

"ಗೊತ್ತಿದ್ದೂ ಅಮೃತೂರಿಗೆ ಹೋಗೋಕೆ ಬಿಟ್ಯಾ? ಒಂದು ಮಾತು ನೆನಪು ಮಾಡಬಾರದಿತ್ತಾ?"

"ಮಾಡ್ದೆ. ನೀವು ಚಪ್ಪಲಿ ಹಾಕ್ಕೊಳ್ತಾ ಇದ್ರಿ. 'ರೀ, ಕಡೇ ದಿನ ಆಗೋಯ್ತಲ್ಲ, ಈಗ್ಯಾಕೆ ಹೋಗ್ತೀರ' ಅಂದೆ. 'ಹೂಂ' ಅಂದ್ರಿ. ಹೋದ್ರಿ." ಅವಳು ಒಂದು ಪತ್ರಿಕೆ ತಿರುವಿ ಹಾಕಿದಳು. "ನಾನೂ ಜಾಸ್ತಿ ಒತ್ತಾಯ ಮಾಡ್ಲಿಲ್ಲ. ಭಾನುವಾರ ಮನೆ ಬಹಳ ಚೆನ್ನಾಗಿತ್ತು. ಈಗ ಸುಮ್ನೆ ಒಳಗೆ ಹೋಗಿ ಓದ್ಕೊಳಿ, ಪರೀಕ್ಷೆ ಹತ್ರ ಬಂತು. ಕೇಳಿಸ್ತಾ?"

ನಾನು ಮೂರನೇ ದೋಷದ ಬಗ್ಗೆ ಯೋಚಿಸುತ್ತಿದ್ದೆ.

"ಹೂಂ" ಅಂದೆ.